ಕೋವಿ ಸ್ಟೇಷನಿನಲ್ಲಿ ಉಂಟು

ಕುಲಶೇಖರ
೯ ಜೂನ್ ೨೦೨೪

ಪ್ರೀತಿಯ ದುಗ್ಗಪ್ಪ ಮಾಮನಿಗೆ,

ನಾನು ಸಿಂಥಿಯಾ, ಜಾರ್ಜ್ ಮಾಸ್ಟ್ರ ಮಗಳು. ಹೆಸರು ನೋಡಿದ ಕೂಡಲೇ ಕಾಗದ ಹರಿದು ಹಾಕಬೇಡಿ. ಹರಿಯುವುದೇ ಆದರೆ ಪೂರ್ತಿ ಓದಿ ಹರಿಯಿರಿ. ನಿಮ್ಮ ಮನೆಗೆ ಫೋನ್ ಮಾಡಿದ್ದೆ. ಮೊಮ್ಮಗಳು ಪ್ರಾಪ್ತಿ ಎತ್ತಿದಳು. ಅಜ್ಜನಿಗೆ ಫೋನಿನಲ್ಲಿ ಒಂದಕ್ಷರ ಕೇಳಿಸುವುದಿಲ್ಲ, ಕೋವಿಯ ಸದ್ದಿಗೇ ಕಿವಿ ಹೋದದ್ದಂತೆ, ಹೇಳುವುದಿದ್ದರೆ ಬರೆದು ಕಳಿಸಿ ಆಂಟಿ ಎಂದಳು. ಇಷ್ಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಪತ್ರಲೇಖನ ಕಲಿಸಿದ ಕನ್ನಡ ಟೀಚರ್ ನಾನು. ನಾನೇ ಒಬ್ಬರಿಗೆ ಪತ್ರ ಬರೆದು ಎಷ್ಟು ಕಾಲವಾಯಿತೋ ನೆನಪಿಲ್ಲ.

ಪಪ್ಪನಿಗೆ ಮರೆವಿನ ಕಾಯಿಲೆ. ಮೊದಲು ಕನ್ನಡಕ, ಬೀಗದ ಕೈ, ಊಟ ಮಾಡಿದ್ದು, ಹೀಗೆ ಸಣ್ಣಪುಟ್ಟದ್ದು ಮರೆಯುತ್ತಿತ್ತು. ಈಗ ಇತ್ತೀಚಿನ ಇಪ್ಪತ್ತು ವರ್ಷವೇ ಅಳಿಸಿಹೋದ ಹಾಗಿದೆ. ಮಮ್ಮಿ ತೀರಿಹೋದದ್ದು ಗೊತ್ತಿಲ್ಲ. ಒಮ್ಮೊಮ್ಮೆ ನನ್ನನ್ನೇ ಉರ್ಸುಲಾ ಎಂದು ಮಮ್ಮಿಯ ಹೆಸರಿನಿಂದ ಕರೆಯುತ್ತಾರೆ. ತಾನು ಬೇಟೆ ಬಿಟ್ಟದ್ದೂ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಎರಡೇ ಪ್ರಶ್ನೆ. ದುಗ್ಗು ಬಂದನಾ? ಕೋವಿ ಎಲ್ಲಿ?

ಮೊದಮೊದಲು ನಾನು ನಿಜವನ್ನೇ ಹೇಳಿದೆ. ಕೋವಿಯನ್ನು ನೀವೇ ಸರ್ಕಾರಕ್ಕೆ ಒಪ್ಪಿಸಿ ಲೈಸೆನ್ಸ್ ರದ್ದು ಮಾಡಿಸಿದ್ದೀರಿ ಪಪ್ಪ ಎಂದೆ. ಅವರು ನಂಬಲಿಲ್ಲ. ನಾನು ಕದ್ದು ಮಾರಿದ್ದೇನೆ ಎಂದು ಬೈದು, ಕಪಾಟುಗಳನ್ನೆಲ್ಲ ಬಗೆದು ಹಾಕಿದರು. ಆಮೇಲೆ ಮಾರ್ಚಿನಲ್ಲಿ ಚುನಾವಣೆ ಘೋಷಣೆಯಾಯಿತು. ಅವತ್ತು ಕೋವಿ ಕೇಳಿದಾಗ ನನ್ನ ಬಾಯಿಂದ ತಾನಾಗಿ ಬಂತು: "ಎಲೆಕ್ಷನ್ ಅಲ್ವಾ ಪಪ್ಪ? ಕೋವಿ ಸ್ಟೇಷನಿನಲ್ಲಿ ಉಂಟು." ತಕ್ಷಣ ಸಮಾಧಾನವಾಗಿ ಚಾ ಕುಡಿದರು. ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಫಲಿತಾಂಶ ಬರುವವರೆಗೆ ಪೊಲೀಸ್ ಸ್ಟೇಷನಿನಲ್ಲಿ ಇಡಬೇಕೆಂಬುದು ಅವರ ತಲೆಯಲ್ಲಿ ಅಚ್ಚೊತ್ತಿದ ಹಾಗಿದೆ. ನೀವಿಬ್ಬರೂ ಎರಡು ಕೋವಿಗಳನ್ನು ಗೋಣಿಯಲ್ಲಿ ಸುತ್ತಿ ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದದ್ದು ನನಗೂ ನೆನಪುಂಟು.

ಎರಡೂವರೆ ತಿಂಗಳು ಈ ಸುಳ್ಳಿನಲ್ಲಿ ದಿನ ತೆಗೆದೆ. ಮೊನ್ನೆ ಫಲಿತಾಂಶ ಬಂತು, ರಸ್ತೆಯಲ್ಲಿ ಪಟಾಕಿ ಹೊಡೆದರು. ಪಪ್ಪ ಬೂಟು ಹಾಕಿಕೊಂಡು ಗೇಟಿನಲ್ಲಿ ನಿಂತರು. ಎಲೆಕ್ಷನ್ ಮುಗಿಯಿತು, ದುಗ್ಗು ಬಂದ ಕೂಡಲೇ ಹೋಗಿ ಕೋವಿ ತರುವುದು ಎಂದರು. ಅಂದಿನಿಂದ ದಿನವೂ ನಿಲ್ಲುತ್ತಾರೆ. ಮಳೆಗೂ ಒಳಗೆ ಬರುವುದಿಲ್ಲ.

ನಿಮ್ಮಿಬ್ಬರ ನಡುವೆ ಏನಾಯಿತೆಂದು ನನಗೆ ಗೊತ್ತು ಮಾಮ. ಆದರೂ ಕೇಳುತ್ತಿದ್ದೇನೆ. ಒಂದು ಸಲ ಬನ್ನಿ. ಡಾಕ್ಟರ ಪ್ರಕಾರ ಇನ್ನು ಕೆಲವು ತಿಂಗಳಿಗೆ ಅವರು ಯಾರ ಗುರುತನ್ನೂ ಹಿಡಿಯಲಿಕ್ಕಿಲ್ಲ. ಈಗಲೇ ಗುರುತು ಹಿಡಿಯುವವರು ಕಡಿಮೆ. ಅವರಲ್ಲಿ ನೀವು ಒಬ್ಬರು.

ನಿಮ್ಮ,
ಸಿಂಥಿಯಾ


ದೇರೆಬೈಲ್
೧೬ ಜೂನ್ ೨೦೨೪

ಸಿಂಥಿಯಾಳಿಗೆ,

ಕಾಗದ ಸಿಕ್ಕಿತು. ಹರಿಯಲಿಲ್ಲ. ಮೂರು ಸಲ ಓದಿ, ಮೂರು ಸಲವೂ ಸಿಟ್ಟು ಮಾಡಿಕೊಂಡೆ.

ನಿನಗೆ ಗೊತ್ತುಂಟು ಎಂದು ಬರೆದಿದ್ದಿ. ಎಂತ ಗೊತ್ತುಂಟು? ಫಾರೆಸ್ಟ್ ಆಫೀಸಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ಕಾಡುಹಂದಿ ಮಾಂಸದ ಬಕೆಟ್ ಇಟ್ಟು ಫೋಟೋ ತೆಗೆದರು. ಅದು ಪೇಪರಿನಲ್ಲಿ ಬಂತು. ನನ್ನ ಮಗ ಲತೇಶನ ಬಿಜೈಯ ಟಯರ್ ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳಿದರು. ಹೆಂಡತಿ ಕುಶಲಾ ಎಷ್ಟೋ ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ನನ್ನ ಅಪ್ಪನ ಕೋವಿ ಅದು. ಜಪ್ತಿಯಾದದ್ದು ಮತ್ತೆ ಬರಲಿಲ್ಲ. ಕೇಸಿಗೆಂದು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಸವೆಯಿತು.

ಫಾರೆಸ್ಟಿನವರಿಗೆ ಸುದ್ದಿ ಕೊಟ್ಟವನು ಯಾರೆಂದು ನಾನು ಹುಡುಕಬೇಕಾಗಲಿಲ್ಲ. ನಿನ್ನ ಅಪ್ಪ ಇಸ್ತ್ರಿ ಹಾಕಿದ ಶರ್ಟಿನಲ್ಲಿ ನನ್ನ ಮನೆಗೇ ಬಂದು, "ನಾನೇ ಹೇಳಿದ್ದು ದುಗ್ಗು. ನೀನು ಬೇರೆ ಯಾರ ಮಾತಿಗೂ ನಿಲ್ಲಿಸುವವನಲ್ಲ" ಎಂದ. ಅಡಗಿಸಿ ಇಟ್ಟಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಎದುರು ನಿಂತು ಪಾದ್ರಿಯ ಹಾಗೆ ಹೇಳಿದ್ದು ನೋಡು, ಅದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಅವನಿಗೆ ಬೇಟೆ, ನಮ್ಮ ಬೋಂಟೆ, ಕಲಿಸಿದವನು ನಾನು. ಹೆಜ್ಜೆ ನೋಡಲು, ಗಾಳಿ ನೋಡಲು, ಬಾಯಿ ಮುಚ್ಚಿ ಕೂರಲು ಕಲಿಸಿದ್ದು ನಾನು. ಡ್ರಿಲ್ ಮಾಸ್ಟ್ರು ಬಾಯಿ ಮುಚ್ಚಿ ಕೂರುವುದು ಕಲಿಯಲಿಕ್ಕೆ ಒಂದು ಮಳೆಗಾಲ ಬೇಕಾಯಿತು.

ಈಗ ಅವನಿಗೆ ಎಲ್ಲ ಮರೆತುಹೋಗಿದೆಯಂತೆ. ಒಳ್ಳೆಯದಾಯಿತು. ಅವನಿಗೆ ಮರೆವು ಬಂದರೆ ನನಗೂ ಬರಬೇಕಾ? ನಾನು ಬರುವುದಿಲ್ಲ.

ದುಗ್ಗಪ್ಪ

ಕಾಗದ ಮಡಚಿದ ಮೇಲೆ ಬರೆಯುತ್ತಿದ್ದೇನೆ. ಗೇಟಿನಲ್ಲಿ ನಿಂತು ಅವನು ನನ್ನ ಬಗ್ಗೆ ಎಂತ ಹೇಳುತ್ತಾನೆ? ಅವನದ್ದೇ ಮಾತಿನಲ್ಲಿ ಬರೆ.


ಕುಲಶೇಖರ
೩೦ ಜೂನ್ ೨೦೨೪

ದುಗ್ಗಪ್ಪ ಮಾಮನಿಗೆ,

ಅವರ ಮಾತಿನಲ್ಲೇ ಬರೆಯುತ್ತೇನೆ. "ದುಗ್ಗುವಿಗೆ ತಡವಾಗುವುದು ಅವನಿಂದ ಅಲ್ಲ. ಗಂಜಿ ಉಣ್ಣದೆ ಹೊರಡಲಿಕ್ಕೆ ಕುಶಲಾ ಬಿಡುವುದಿಲ್ಲ." ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಕುಶಲಾ ಮಾಮಿ ಈಗಲೂ ನಿಮಗೆ ಗಂಜಿ ಬಡಿಸುತ್ತಿದ್ದಾರೆ.

ನಿಮಗೆ ಸಿಟ್ಟು ಬರುವುದು ನ್ಯಾಯ. ಆದರೆ ನನ್ನದನ್ನೂ ಸ್ವಲ್ಪ ಕೇಳಿ. ಚಿಕ್ಕಂದಿನಲ್ಲಿ ನಾನು ನೀವು ತಂದ ಮಾಂಸ ಮುಟ್ಟುತ್ತಿರಲಿಲ್ಲ. ಅಂಗಳದಲ್ಲಿ ಪಾಲು ಹಾಕುವಾಗ ಹಿತ್ತಲಿಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಪಪ್ಪ ನಗುತ್ತಿದ್ದರು, ಇವಳನ್ನು ಕಾನ್ವೆಂಟಿಗೆ ಸೇರಿಸಿ ಸಿಸ್ಟರ್ ಮಾಡುವ ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಸರಿಯಾಗಿ ಮಾತು ಬೆಳೆಯಲಿಲ್ಲ. ನನ್ನ ಮದುವೆಯಾಯಿತು, ಗೇವಿನ್ ಕುವೈತಿಗೆ ಹೋದರು, ನಾನು ಮತ್ತೆ ಈ ಮನೆಗೇ ಬಂದೆ, ಆಗಲೂ ಬೆಳೆಯಲಿಲ್ಲ.

ಆಮೇಲೆ ಅವರ ಕಣ್ಣಿಗೆ ಪೊರೆಯ ಆಪರೇಶನ್ ಆಯಿತು. ನಿಮಗೆ ನೆನಪಿರಬೇಕು, ಅದಾದ ಮೇಲೆ ಒಂದೇ ಒಂದು ಸಲ ನಿಮ್ಮೊಟ್ಟಿಗೆ ಬೇಟೆಗೆ ಬಂದಿದ್ದರು. ಬರಿಗೈಯಲ್ಲಿ ವಾಪಸು ಬಂದು ಅಡುಗೆಮನೆಯಲ್ಲಿ ಕೂತು ನನಗೂ ಮಮ್ಮಿಗೂ ಹೇಳಿದರು: ಇಷ್ಟು ವರ್ಷ ಎಲೆ ಅಲುಗಿದ್ದು ನೋಡಿ, ಕಂದು ಬಣ್ಣ ನೋಡಿ ಈಡು ಹೊಡೆಯುತ್ತಿದ್ದೆ. ಇವತ್ತು ಕಾಡುಕುರಿಯ ಕಣ್ಣಿನ ರೆಪ್ಪೆಕೂದಲು ಕಂಡಿತು. ಕೂದಲು ಕಂಡ ಮೇಲೆ ಹೇಗೆ ಹೊಡೆಯುವುದು? ಹೀಗೆ ಹೇಳಿದವರು ನನ್ನ ಕಡೆ ನೋಡಿದರು. ಮಾಮ, ನನಗೆ ಅಪ್ಪ ಸಿಕ್ಕಿದ್ದು ಆ ಸಂಜೆ.

ನೀವು ಅದನ್ನು ನಿಮ್ಮ ಮನೆಯ ಒಂದು ಊಟದಲ್ಲಿ ಎಲ್ಲರೆದುರು ಹೇಳಿ ನಗಾಡಿದಿರಂತೆ. ನೀವು ಪಪ್ಪನನ್ನು ಯಾವಾಗಲೂ ಕರೆಯುವ ಹೆಸರಿನಲ್ಲೇ, "ಕೋವಿ ಮಾರಿ ಬಳೆ ತೆಗೆದುಕೋ ಪೊರ್ಬು" ಎಂದಿರಂತೆ. ಪಪ್ಪನೂ ಅಲ್ಲಿ ನಕ್ಕರಂತೆ. ಮನೆಗೆ ಬಂದು ನಮಗೂ ನಗುತ್ತಲೇ ಹೇಳಿದರು, ಆದರೆ ಆ ದಿನ ಊಟ ಮಾಡಲಿಲ್ಲ. ಆಮೇಲೆ ಅವರು ಎಲ್ಲದರಲ್ಲೂ ಸ್ವಲ್ಪ ಅತಿಯಾದರು, ಒಪ್ಪುತ್ತೇನೆ. ಹಲಸಿನ ಮರಕ್ಕೆ ಹಕ್ಕಿಗಳಿಗೆಂದು ನೀರಿನ ಚಟ್ಟಿ ಕಟ್ಟಿದರು. ಗುಡ್ಡೆಯ ಮೇಲೆ ನವಿಲಿಗೆ ಯಾರಾದರೂ ಕಲ್ಲು ಬೀರಿದರೆ ಜಗಳಕ್ಕೆ ಹೋದರು. ನಿಮ್ಮ ವಿಷಯದಲ್ಲಿ ಮಾಡಿದ್ದನ್ನು ಮಾಡಿದರು. ನನಗೆ ಮಾತ್ರ ಅವರು ಆ ವರ್ಷಗಳಲ್ಲಿ ಬಹಳ ಹತ್ತಿರವಾಗಿದ್ದರು. ಸಂಜೆ ಇಬ್ಬರೂ ಆ ಚಟ್ಟಿ ನೋಡುತ್ತಾ ಕೂರುತ್ತಿದ್ದೆವು.

ಕಳೆದ ವಾರ ಪಪ್ಪ ಅದೇ ಚಟ್ಟಿಗೆ ಬಂದ ಚೋರೆ ಹಕ್ಕಿಗೆ ಕಲ್ಲು ಹೊಡೆದರು. ಗುರಿ ತಪ್ಪಲಿಲ್ಲ. ಅಡುಗೆಮನೆಗೆ ತಂದು ನನ್ನ ಕೈಗೆ ಕೊಟ್ಟು, "ಉರ್ಸುಲಾ, ಖಾರ ಸ್ವಲ್ಪ ಮುಂದೆ ಇರಲಿ" ಎಂದರು. ಹಕ್ಕಿ ಇನ್ನೂ ಬಿಸಿಯಿತ್ತು. ಮರದ ಬುಡದಲ್ಲಿ ಹೂತು ಬಂದು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತೆ. ನನಗೆ ತಡವಾಗಿ ಸಿಕ್ಕಿದ ಅಪ್ಪ ಮೊದಲು ಹೋದರು. ಈಗ ಮನೆಯಲ್ಲಿ ಇರುವುದು ನಿಮ್ಮ ಗೆಳೆಯ. ನಾನು ಅವರಿಗೆ ಅನ್ನ ಹಾಕುತ್ತೇನೆ, ಸ್ನಾನ ಮಾಡಿಸುತ್ತೇನೆ, ಆದರೆ ಅವರೊಡನೆ ಮಾತಾಡಲು ನನಗೆ ಏನೂ ಇಲ್ಲ. ನಿಮಗಾದರೂ ಇರಬಹುದು ಎಂದು ಕರೆದದ್ದು.

ಇನ್ನೊಂದು ಮಾತು. ಕುಶಲಾ ಮಾಮಿ ತೀರಿಹೋದ ದಿನ ಪಪ್ಪ ನಿಮ್ಮ ಮನೆಗೆ ಬಂದಿದ್ದರು. ಗೇಟಿನ ಹೊರಗೆ ನಿಂತು ಹಾಗೆಯೇ ವಾಪಸು ಬಂದರು. ಯಾಕೆ ಒಳಗೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ, ಕರೆಯದೆ ಹೇಗೆ ಹೋಗುವುದು ಎಂದರು.

ಸಿಂಥಿಯಾ


ದೇರೆಬೈಲ್
೧೧ ಆಗಸ್ಟ್ ೨೦೨೪

ಸಿಂಥಿಯಾಳಿಗೆ,

ಉತ್ತರ ಬರೆಯಲು ಇಷ್ಟು ದಿನವಾಯಿತು. ಒಂದೆರಡು ಸಲ ಬರೆದು ಒಲೆಗೆ ಹಾಕಿದೆ. ನಿನ್ನ ಕೊನೆಯ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಅದನ್ನು ಬಿಟ್ಟು ಬೇರೆ ಒಂದು ವಿಷಯ ಬರೆಯುತ್ತೇನೆ, ನಗಬೇಡ.

ನಮ್ಮ ಮನೆಯ ಮುರಕಲ್ಲಿನ ಕಂಪೌಂಡು ಗೋಡೆಯಲ್ಲಿ ಒಂದು ಉಡ ಉಂಟು. ಗದ್ದೆ ಇದ್ದ ಕಾಲದಿಂದಲೂ ಆ ಸಂತಾನ ಇಲ್ಲಿಯೇ. ಒಂದು ಕಾಲದಲ್ಲಿ ಸೊಂಟನೋವಿಗೆ ಒಳ್ಳೆಯದೆಂದು ನಾನು ಎಷ್ಟೋ ಉಡ ಹಿಡಿದು ತಿಂದಿದ್ದೇನೆ. ಸೊಂಟನೋವು ಹೋಗಲಿಲ್ಲ, ಉಡಗಳು ಹೋದವು. ಇದೊಂದು ಉಳಿದಿತ್ತು. ಬಿಸಿಲು ಬಿದ್ದ ಕೂಡಲೇ ಅದು ಗೋಡೆಯ ಮೇಲೆ ಬಂದು ಮಲಗುತ್ತದೆ. ಅದೇ ಹೊತ್ತಿಗೆ ನಾನೂ ಮೊಣಕಾಲಿಗೆ ಎಣ್ಣೆ ಹಚ್ಚಿ ಜಗಲಿಗೆ ಬಂದು ಕೂರುತ್ತೇನೆ. ಅದು ನನ್ನನ್ನು ನೋಡುತ್ತದೆ, ನಾನು ಅದನ್ನು ನೋಡುತ್ತೇನೆ. ಕುಶಲಾ ಹೋದ ಮೇಲೆ ಬೆಳಿಗ್ಗೆ ನನ್ನ ಮುಖ ನೋಡುವವರು ಬೇರೆ ಯಾರಿದ್ದಾರೆ? ಲತೇಶ ಅಂಗಡಿಗೆ ಓಡುತ್ತಾನೆ, ಪ್ರಾಪ್ತಿ ಕಾಲೇಜಿಗೆ ಓಡುತ್ತಾಳೆ.

ನಮ್ಮ ಗದ್ದೆಯಲ್ಲಿ ಎದ್ದು ನಿಂತ ಫ್ಲ್ಯಾಟಿನವರು ಕಳೆದ ಬೇಸಿಗೆಯಲ್ಲಿ ಇದನ್ನು ಕಂಡು ಬೊಬ್ಬೆ ಹಾಕಿದರು. ನಾಲ್ಕು ಜನ ನನ್ನ ಹತ್ತಿರ ಬಂದು, ನೀವು ಶಿಕಾರಿಯವರಲ್ವಾ ದುಗ್ಗಪ್ಪಣ್ಣ, ಇದಕ್ಕೊಂದು ದಾರಿ ಮಾಡಿ ಎಂದರು. ನನಗೂ ಹುರುಪು ಬಂತು. ಎಷ್ಟು ವರ್ಷದ ಮೇಲೆ ನನ್ನ ಬಿದ್ಯೆ ಒಬ್ಬರಿಗೆ ಬೇಕಾಯಿತು. ದೊಣ್ಣೆ ಹಿಡಿದು ಹೋದೆ. ಅದು ಓಡಲಿಲ್ಲ. ಪ್ರಾಯ ಆಗಿದೆ ಅದಕ್ಕೆ. ಕುತ್ತಿಗೆಯ ಚರ್ಮ ನನ್ನದರ ಹಾಗೇ ಜೋತುಬಿದ್ದಿದೆ. ದಿನಾ ನೋಡುವ ಮನುಷ್ಯ ಎಂದು ಅದು ಸುಮ್ಮನೆ ಮಲಗಿತ್ತು.

ನಾನು ದೊಣ್ಣೆ ತಿರುಗಿಸಿದ್ದು ಫ್ಲ್ಯಾಟಿನವರ ಕಡೆಗೆ. ನೀವು ಬರುವ ಮೊದಲೇ ಇದು ಇಲ್ಲಿತ್ತು, ಇದನ್ನು ಮುಟ್ಟಿದರೆ ಫಾರೆಸ್ಟಿಗೆ ಫೋನ್ ಮಾಡುತ್ತೇನೆ ಎಂದು ಬೊಬ್ಬೆ ಹಾಕಿದೆ. ಹೇಳಿ ಮುಗಿಸಿದ ಮೇಲೆ ನನಗೇ ಗೊತ್ತಾಯಿತು, ಅದು ನನ್ನ ಮಾತಲ್ಲ, ನಿನ್ನ ಅಪ್ಪನದ್ದು. ದೊಣ್ಣೆ ಮೂಲೆಗಿಟ್ಟು ಒಳಗೆ ಬಂದು ಕೂತೆ.

ಅವತ್ತಿನಿಂದ ಅವನಿಗೆ ಇದನ್ನು ಹೇಳಬೇಕು ಎಂದು ಒಳಗೇ ಇತ್ತು. ಪೊರ್ಬು, ನೀನು ಹೇಳಿದ್ದು ಸರಿಯಿತ್ತು, ಹೇಳಿದ ರೀತಿ ಸರಿಯಿರಲಿಲ್ಲ ಅಷ್ಟೇ ಎನ್ನಬೇಕೆಂದು ಮಾತು ಕೂಡ ಜೋಡಿಸಿ ಇಟ್ಟಿದ್ದೆ. ಆದರೆ ಅವನೇ ಮೊದಲು ಬರಲಿ ಎಂಬ ಹಟ. ಈಗ ನಿನ್ನ ಕಾಗದ ನೋಡಿ ಹೆದರಿಕೆಯಾಗಿದೆ. ಅವನಿಗೆ ಅರ್ಥವಾಗುವಷ್ಟು ದಿನ ಉಂಟಾ?

ಆಟಿ ತಿಂಗಳು ಮುಗಿಯಲಿ. ಮಳೆಯಲ್ಲಿ ನನ್ನ ಕಾಲು ಏಳುವುದಿಲ್ಲ, ಆಟಿಯಲ್ಲಿ ನಾವು ಹೊಸದಾಗಿ ಏನನ್ನೂ ಶುರು ಮಾಡುವುದೂ ಇಲ್ಲ. ಸೋಣ ತಿಂಗಳು ಬಂದ ಕೂಡಲೇ ಬರುತ್ತೇನೆ.

ದುಗ್ಗಪ್ಪ


ಕುಲಶೇಖರ
೨೦ ಆಗಸ್ಟ್ ೨೦೨೪

ಪ್ರೀತಿಯ ಮಾಮ,

ಭಾನುವಾರ ಬನ್ನಿ. ಚರ್ಚಿನ ಪೂಜೆ ಮುಗಿಸಿ ನಾನು ಬೇಗ ಮನೆಯಲ್ಲಿರುತ್ತೇನೆ. ಒಂದೇ ಕೋರಿಕೆ. ಕುಶಲಾ ಮಾಮಿ ತೀರಿಹೋದ ಸುದ್ದಿ ಹೇಳಬೇಡಿ. ಮಮ್ಮಿಯದ್ದು ನಾನು ಹೇಳಿದಾಗ ಅವರಿಗೆ ಪ್ರತಿ ಸಲವೂ ಅದು ಹೊಸ ಸಾವು. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ನಿಮ್ಮ ಉಡದ ವಿಷಯ ಓದಿ ನಗಲಿಲ್ಲ.

ಸಿಂಥಿಯಾ


ದೇರೆಬೈಲ್
೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಗಳು ಸಿಂಥಿಯಾಳಿಗೆ,

ಗುಡ್ಡೆಯಲ್ಲಿ ಎಂತಾಯಿತು ಮಾಮ ಎಂದು ನಾನು ಬಂದ ಭಾನುವಾರ ನೀನು ಕೇಳಿದಿ. ಅವನೆದುರು ಹೇಳಲು ಬಾಯಿ ಬರಲಿಲ್ಲ. ನೀನು ತಿಳಿಯಬೇಕಾದದ್ದು, ಹಾಗಾಗಿ ಬರೆಯುತ್ತೇನೆ.

ರಿಕ್ಷಾದಿಂದ ಇಳಿದದ್ದೇ ಅವನು ಗೇಟಿನಲ್ಲಿ ನನ್ನ ರಟ್ಟೆ ಹಿಡಿದದ್ದನ್ನು ನೀನು ನೋಡಿದ್ದಿ. ಬೈದ. ಗಂಜಿ ಎಷ್ಟು ತಟ್ಟೆ ಉಂಡೆ ಎಂದು ಕೇಳಿದ. ನನ್ನ ತಲೆ ಪೂರ್ತಿ ಬೆಳ್ಳಗಾದದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ. ಕೋವಿಯ ಮಾತು ಬಂದಾಗ ನೀನು ನನ್ನ ಮುಖ ನೋಡಿದಿ. ಪಂಚಾಯತ್ ಎಲೆಕ್ಷನ್ ಬಂತು ಮಾರಾಯ, ಕೋವಿ ಇನ್ನೂ ಸ್ಟೇಷನಿನಲ್ಲಿ ಉಂಟು, ಇವತ್ತು ಬರೀ ಹೆಜ್ಜೆ ನೋಡಿ ಬರುವ ಎಂದು ನಾನು ಹೇಳಿದೆ. ಬೋಂಟೆಯ ಮುಂಚಿನ ದಿನ ಹೆಜ್ಜೆ ನೋಡಲು ನಾವಿಬ್ಬರೇ ಹೋಗುತ್ತಿದ್ದದ್ದು. ಎಲ್ಲಿ ನೀರು ಕುಡಿದಿದೆ, ಎಲ್ಲಿ ಮಣ್ಣು ಕೆದಕಿದೆ ಎಂದು ನೋಡಿ, ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡಿ ಬರುವುದು. ಅದಕ್ಕೆ ಕೋವಿ ಬೇಡ. ಅವನು ಕೂಡಲೇ ಒಪ್ಪಿದ.

ನಿಮ್ಮ ಹಿಂದಿನ ಗುಡ್ಡೆಗೆ ಹತ್ತುವಾಗ ನನಗೆ ಅವನ ಕೈ ಬೇಕಾಯಿತು, ಅವನಿಗೆ ನನ್ನದಲ್ಲ. ಹಳೆಯ ಕಲ್ಲು ಕೋರೆಯ ನೀರಿನ ಹತ್ತಿರ ನಿಜವಾಗಿಯೂ ಹಂದಿ ಬಂದ ಗುರುತು ಇತ್ತು. ಅಕೇಶಿಯ ಮರಗಳ ನಡುವೆ ಮಣ್ಣು ಮಗುಚಿ ಹಾಕಿತ್ತು. ಹೆಂಡತಿ ತೀರಿಹೋದದ್ದನ್ನೇ ಮರೆತವನು ನೆಲಕ್ಕೆ ಬಗ್ಗಿ, ಒಂದು ತಾಯಿ, ಹಿಂದೆ ಮರಿಗಳು, ಬೆಳಕಾಗುವ ಮೊದಲೇ ಆಚೆಗೆ ಇಳಿದಿವೆ ಎಂದು ಹೇಳಿದ. ಒಂದೂ ತಪ್ಪಿಲ್ಲ. ನಾನು ಕಲಿಸಿದ್ದು ಪೂರ್ತಿ ಹಾಗೇ ಉಂಟು ಸಿಂಥಿಯಾ. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಇಬ್ಬರೂ ಕಲ್ಲಿನ ಮೇಲೆ ಕೂತೆವು. ಅವನ ಮುಖ ನೋಡಿದರೆ ತಲೆ ಸರಿಯಾಗಿಯೇ ಉಂಟು ಎಂದು ಕಂಡಿತು. ಹೇಳುವುದಿದ್ದರೆ ಈಗಲೇ ಎಂದುಕೊಂಡೆ.

ಹೇಳಿದೆ. ಪೊರ್ಬು, ನಾನು ಬೋಂಟೆ ಬಿಟ್ಟಿದ್ದೇನೆ. ಮನಸ್ಸು ಒಪ್ಪುವುದಿಲ್ಲ. ನೀನು ಹೇಳಿದ್ದೇ ಸರಿ ಎಂದೆ. ಜೋಡಿಸಿ ಇಟ್ಟಿದ್ದ ಮಾತು ಅಷ್ಟೂ ಹೇಳಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ನಕ್ಕ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. "ಕೋವಿ ಮಾರಿ ಬಳೆ ತೆಗೆದುಕೋ ದುಗ್ಗು" ಎಂದ.

ನನ್ನದೇ ಮಾತು. ನಾನು ಅವನಿಗೆ ಹೇಳಿದ ಹಾಗೆಯೇ, ಅದೇ ನಗು. ಅದು ಹೇಗೆ ಅವನ ತಲೆಯಲ್ಲಿ ಉಳಿಯಿತೋ, ಯಾರು ಯಾರಿಗೆ ಹೇಳಿದ್ದು ಎಂಬುದು ಮಾತ್ರ ಅಳಿಸಿಹೋಗಿದೆ. ಅವತ್ತು ನನ್ನ ಮನೆಯಲ್ಲಿ ಅಷ್ಟು ಜನರೆದುರು ಕೂತು ಅವನಿಗೆ ಹೇಗಾಯಿತು ಎಂದು ನನಗೆ ಈ ಪ್ರಾಯದಲ್ಲಿ ಗೊತ್ತಾಯಿತು. ನನಗೆ ಅಲ್ಲಿ ನಗಲಿಕ್ಕೂ ಆಗಲಿಲ್ಲ. ಅವನು ನಕ್ಕಿದ್ದ. ನನಗಿಂತ ದೊಡ್ಡ ಮನುಷ್ಯ.

ಆಮೇಲೆ ಸಿಟ್ಟು ಮಾಡಿದ. ನಿನ್ನಂಥ ಹೇಡಿಯ ಜೊತೆ ಇನ್ನು ಬರುವುದಿಲ್ಲ ಎಂದು ನನ್ನನ್ನು ಅಲ್ಲಿಯೇ ಬಿಟ್ಟು ಇಳಿದ. ನಾನು ಕೋಲು ಊರಿಕೊಂಡು ನಿಮ್ಮ ಅಂಗಳಕ್ಕೆ ಮುಟ್ಟುವಾಗ ಅವನು ಚಾ ಕುಡಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು, ದುಗ್ಗು, ಈಗ ಬಂದೆಯಾ, ಗಂಜಿ ಎಷ್ಟು ತಟ್ಟೆ ಉಂಡೆ ಎಂದು ಕೇಳಿದ. ನೀನು ನಕ್ಕಿ. ನಾನು ಮುಖ ತೊಳೆಯುವ ನೆವದಲ್ಲಿ ಬಾವಿಕಟ್ಟೆಗೆ ಹೋದದ್ದು ಅದಕ್ಕೆ.

ನಾನು ಇನ್ನು ಅವನಿಗೆ ಅದನ್ನು ಹೇಳುವುದಿಲ್ಲ. ಕೇಳಬೇಕಾದವನು ಆ ಮನೆಯಲ್ಲಿ ಇಲ್ಲ. ಆದರೆ ಬರುವ ಭಾನುವಾರ ಬರುತ್ತೇನೆ, ಅದರ ಮುಂದಿನದ್ದಕ್ಕೂ ಬರುತ್ತೇನೆ. ಬೋಂಟೆ ಬಿಟ್ಟ ಮುದುಕ ಬೋಂಟೆಯದ್ದೇ ಮಾತಾಡುತ್ತೇನೆ. ಹಂದಿಗೆ ಎಷ್ಟು ತೂಕ ಬೇಕಾದರೂ ಹಾಕುವ, ಖರ್ಚೇನು? ನೀನು ಆ ಹೊತ್ತಿಗೆ ಸ್ವಲ್ಪ ಮಲಗು. ನಿನ್ನ ಕಣ್ಣಿನ ಕೆಳಗೆ ಕಪ್ಪಾಗಿದೆ.

ದುಗ್ಗಪ್ಪ ಮಾಮ


ಕುಲಶೇಖರ
೨ ಫೆಬ್ರವರಿ ೨೦೨೫

ಪ್ರೀತಿಯ ಮಾಮ,

ಪಪ್ಪನ ಕಾರ್ಯಗಳೆಲ್ಲ ಮುಗಿದವು. ಗೇವಿನ್ ನಿನ್ನೆ ಕುವೈತಿಗೆ ಹೊರಟರು. ಮನೆಯಲ್ಲಿ ಈಗ ಬೆಳಿಗ್ಗೆ ಯಾರೂ ಏನೂ ಕೇಳುವುದಿಲ್ಲ.

ಭಾನುವಾರಗಳಿಗೆ ನಿಮಗೆ ಹೇಗೆ ಉಪಕಾರ ಹೇಳುವುದೋ ತಿಳಿಯದು. ನೀವು ಹೋದ ಮೇಲೆ ಅವರು ಸಂಜೆಯವರೆಗೆ ಉಲ್ಲಾಸದಲ್ಲಿರುತ್ತಿದ್ದರು. ಕ್ರಿಸ್ಮಸಿನ ಮುಂಚೆ ನೀವು ಎಲೆಯಲ್ಲಿ ಕಟ್ಟಿ ತಂದ ಹಂದಿ ಮಾಂಸ ನೆನಪುಂಟಾ? ಒಂದು ತುಂಡು ಬಾಯಿಗೆ ಹಾಕಿ, ಇದು ಪೇಟೆಯದ್ದು, ದುಗ್ಗುವಿನ ಗುರಿ ಹೋಯಿತು ಪಾಪ ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ನಿಮಗೆ ಬೇಸರವಾದೀತೆಂದು ನಿಮ್ಮೆದುರು ಹೊಗಳಿ ತಿಂದರು.

ಈಗ ನಿಮ್ಮಲ್ಲಿ ಒಂದು ಮಾತು ಕೇಳಬೇಕು. ಜ್ವರ ಬಂದು ಮಲಗಿದ ಮೇಲೆ ಅವರು ಬಹುತೇಕ ಮಾತಾಡಲಿಲ್ಲವಲ್ಲ. ಹೋಗುವುದಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ, ಕಣ್ಣು ಬಿಟ್ಟು, "ಎಲೆಕ್ಷನ್ ಮುಗಿಯಿತಾ?" ಎಂದರು. ನನಗೆ ಇನ್ನು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬೇಟೆಗಾರನಾಗಿಯೇ ಹೋಗುವುದಾದರೆ ಹಾಗೇ ಹೋಗಲಿ, ಅವರೂ ನನ್ನ ಅಪ್ಪನೇ ಎಂದುಕೊಂಡೆ. ಮುಗಿಯಿತು ಪಪ್ಪ, ಕೋವಿ ತರಲಿಕ್ಕೆ ದುಗ್ಗಪ್ಪ ಮಾಮನಿಗೆ ಹೇಳುವುದಾ ಎಂದು ಕೇಳಿದೆ. "ಬೇಡ. ಅಲ್ಲೇ ಇರಲಿ" ಎಂದರು. ಮತ್ತೆ ಮಾತಾಡಲಿಲ್ಲ.

ಆ ಮಾತು ಹೇಳಿದ್ದು ಯಾರು ಮಾಮ? ನನ್ನೊಟ್ಟಿಗೆ ಚಟ್ಟಿ ನೋಡುತ್ತಾ ಕೂರುತ್ತಿದ್ದವರು ಒಂದು ಗಳಿಗೆ ವಾಪಸು ಬಂದಿದ್ದರಾ? ಅಥವಾ ಬರೀ ಸುಸ್ತಾ? ಇಬ್ಬರನ್ನೂ ಸರಿಯಾಗಿ ಬಲ್ಲವರು ನೀವು ಒಬ್ಬರೇ.

ನಿಮ್ಮ ಮಗಳು,
ಸಿಂಥಿಯಾ


ದೇರೆಬೈಲ್
೧೬ ಫೆಬ್ರವರಿ ೨೦೨೫

ಪ್ರೀತಿಯ ಮಗಳೇ,

ನಿನಗೆ ಬೇಕಾದ ಉತ್ತರ ಯಾವುದೆಂದು ಗೊತ್ತುಂಟು. ಅದನ್ನು ಬರೆದು ಕಳಿಸಲು ಸುಲಭವಿತ್ತು. ಆದರೆ ಇಷ್ಟು ತಿಂಗಳು ಆ ಮನೆಯಲ್ಲಿ ನಾವಿಬ್ಬರೂ ಸಾಕಷ್ಟು ಸುಳ್ಳು ಹೇಳಿದ್ದೇವೆ.

ನನಗೆ ಗೊತ್ತಿಲ್ಲ. ಬೋಂಟೆಯಿಂದ ಬರುವಾಗ ಸುಸ್ತಾದರೆ ಅವನು ಕೋವಿಯನ್ನು ನನ್ನ ಹೆಗಲಿಗೆ ಹಾಕಿ, ಅಲ್ಲೇ ಇರಲಿ ಎನ್ನುತ್ತಿದ್ದ. ಅದೇ ಧಾಟಿ. ಹಾಗಾಗಿ ಅದು ನನ್ನ ಗೆಳೆಯನೂ ಆಗಿರಬಹುದು. ಕಾಡುಕುರಿಯ ದಿನ ಮರದ ಬುಡದಲ್ಲಿ ಕೋವಿ ಒರಗಿಸಿಟ್ಟು ನಡೆದಾಗ, ಕೋವಿ ಬಿಟ್ಟೆಯಲ್ಲ ಪೊರ್ಬು ಎಂದು ನಾನು ಕರೆದೆ. ಆಗಲೂ ಅಲ್ಲೇ ಇರಲಿ ಎಂದಿದ್ದ. ನಾನೇ ಹೊತ್ತು ತಂದೆ. ಹಾಗಾಗಿ ನಿನ್ನ ಅಪ್ಪನೂ ಆಗಿರಬಹುದು. ಯೋಚಿಸಿ ಯೋಚಿಸಿ ನನಗೆ ಕಂಡದ್ದು ಇಷ್ಟು, ಇಬ್ಬರ ಬಾಯಲ್ಲಿಯೂ ಒಂದೇ ಮಾತು ಇತ್ತು. ನಾನು ಒಬ್ಬನದ್ದನ್ನು ಮಾತ್ರ ಕೇಳಿಸಿಕೊಂಡೆ.

ಅವನನ್ನು ಮಣ್ಣು ಮಾಡಿದ ದಿನ ನಾನು ಇಗರ್ಜಿಯ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ನಿಮ್ಮವರದ್ದೇ ಪ್ರಾರ್ಥನೆ, ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ನೀನು ಅಷ್ಟು ಜನರ ನಡುವಿನಿಂದ ಹೊರಗೆ ಬಂದು, ನನ್ನ ಕೈ ಹಿಡಿದು ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದಿ. ಕುಶಲಾ ಹೋದ ದಿನ ನಮ್ಮ ಗೇಟಿನಲ್ಲಿ ಅವನು ನಿಂತದ್ದನ್ನು ನಾನು ನೋಡಿದ್ದೆ ಮಗಾ. ನೋಡಿಯೂ ಕರೆಯಲಿಲ್ಲ. ನಿನ್ನ ಆ ಕಾಗದಕ್ಕೆ ಉತ್ತರ ಇಲ್ಲ ಎಂದು ಬರೆದದ್ದು ಅದಕ್ಕೆ. ಕರೆದಿದ್ದರೆ ಅವನಿಗೆ ಎಲ್ಲ ಅರ್ಥವಾಗುವ ಕಾಲ ಅದು.

ಮೊನ್ನೆ ಪ್ರಾಪ್ತಿ ತನ್ನ ಸ್ಕೂಟರಿನಲ್ಲಿ ನನ್ನನ್ನು ಅವನ ಸಮಾಧಿಯ ಹತ್ತಿರ ಬಿಟ್ಟಳು. ನಿನಗೆ ಹೇಳದೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲು, ಯಾರೂ ಇರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತು ಅವನಿಗೆ ತುಳುವಿನಲ್ಲಿ ಎಲ್ಲ ಹೇಳಿದೆ. ಉಡದ್ದು ಹೇಳಿದೆ. ಈಗ ಅದು ಬೆಳಿಗ್ಗೆ ನಿಧಾನವಾಗಿ ಬರುತ್ತದೆ, ಒಂದೊಂದು ದಿನ ಬರುವುದೇ ಇಲ್ಲ ಎಂದೂ ಹೇಳಿದೆ. ಆಮೇಲೆ ಆ ಜೋಡಿಸಿ ಇಟ್ಟಿದ್ದ ಮಾತು. ಬೋಂಟೆ ಬಿಟ್ಟೆ ಪೊರ್ಬು, ನೀನು ಹೇಳಿದ್ದೇ ಸರಿ.

ಈ ಸಲ ಅವನು ನಗಲಿಲ್ಲ.

ನಿನ್ನ,
ದುಗ್ಗಪ್ಪ ಮಾಮ